ಕೆಲಸ ಕೇಳುವವನು ಪ್ರಶ್ನೆಯನ್ನೂ ಕೇಳಬೇಕು

ಕಳೆದ ಮಳೆಗಾಲ ಮುಗಿದ ಮೇಲೆ ಅಂಕೋಲೆ ಕಡೆಯ ನಮ್ಮ ಕೇರಿಯ ಹುಡುಗನೊಬ್ಬ ಕಾರವಾರಕ್ಕೆ ಕೆಲಸ ಕೇಳಲು ಹೋದ. ಹುಡುಗನ ಹೆಸರು ಬೇಡ, ಅವನು ಹೋದ ಕಂಪನಿಯ ಹೆಸರೂ ಬೇಡ. ಐಟಿಐ ಮಾಡಿದವನು, ಫಿಟ್ಟರ್ ಟ್ರೇಡು. ಇಸ್ತ್ರಿ ಹಾಕಿದ ಅಂಗಿ ಮುದುಡಬಾರದು ಅಂತ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋಗಿದ್ದ.

ಮೇಜಿನ ಹಿಂದೆ ಕೂತವರು ಅರ್ಜಿ ತೆಗೆದುಕೊಂಡರು. ಮಾರ್ಕ್ಸ್ ಕಾರ್ಡು ಅಡಿಗೆ ಇತ್ತು, ಅದನ್ನು ತಿರುವಲಿಲ್ಲ. ಹೆಸರು ನೋಡಿದರು. ಹೆಸರಿನ ಕೊನೆಯ ಪದದ ಮೇಲೆ ಬೆರಳು ಇಟ್ಟರು. "ಅಪ್ಪ ಎಂತ ಮಾಡ್ತಾರೆ?" ಕೂಲಿ ಸಾರ್. "ಮನೆ ಊರಲ್ಲೋ, ಕೇರಿಯಲ್ಲೋ?" ಕೇರಿ ಸಾರ್. "ಅನುಭವ ಉಂಟಾ?" ಈಗಷ್ಟೇ ಮುಗಿಸಿದ್ದೇನೆ ಸಾರ್. ಇಷ್ಟೇ ಸಂದರ್ಶನ. "ಫಿಟ್ಟರ್ ಜಾಗ ಭರ್ತಿಯಾಗಿದೆ. ಕ್ಲೀನಿಂಗಿಗೆ ಜನ ಬೇಕು, ನಾಳೆಯಿಂದಲೇ ಬಾ" ಅಂದರು. ಆ ಕೆಲಸಕ್ಕೆ ಅನುಭವ ಬೇಕಾಗಲಿಲ್ಲ, ಸರ್ಟಿಫಿಕೇಟೂ ಬೇಕಾಗಲಿಲ್ಲ. ಹುಡುಗ ಧೈರ್ಯ ಮಾಡಿ, ಸಂಬಳ ಎಷ್ಟು, ಪಿ.ಎಫ್. ಕಟ್ತೀರಾ ಅಂತ ಕೇಳಿದ. "ಒಳಗೆ ಕಾಲಿಡುವ ಮೊದಲೇ ಲೆಕ್ಕ ಕೇಳ್ತೀಯಲ್ಲೋ, ನಿನ್ನಂಥವರು ನಮಗೆ ಬೇಡ" ಅಂತ ಅರ್ಜಿ ವಾಪಸ್ ಕೊಟ್ಟರು.

ಮನೆಗೆ ಬಂದ ಮಗನಿಗೆ ತಾಯಿ ಬೈದಳು. "ಮಗಾ, ಸಿಕ್ಕಿದ್ದನ್ನ ಯಾಕೆ ಬಿಟ್ಟು ಬಂದೆ? ಕೇಳುದಾದ್ರೆ ಆರು ತಿಂಗಳು ಬಿಟ್ಟು ಕೇಳಬಹುದಿತ್ತಲ್ಲ." ಆಕೆ ಮೀನಿನ ಬುಟ್ಟಿ ಇಳಿಸುವ ಕೆಲಸಕ್ಕೆ ಹೋಗುವವಳು. ದಿನದ ಕೂಲಿಯಲ್ಲಿ ಮಗನನ್ನು ಓದಿಸಿದವಳು. ಆಕೆಯ ಮಾತನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ.

ಈ ವಿಷಯ ನಮ್ಮ ಗೆಳೆಯರ ನಡುವೆ ಎರಡು ಸಂಜೆ ಚರ್ಚೆಯಾಯಿತು. ಹುಡುಗ ಕೇಳಿದ್ದು ಸರಿ ಅಂತ ಕೆಲವರು, ತಾಯಿ ಹೇಳಿದ್ದು ಸರಿ ಅಂತ ಕೆಲವರು. ಆ ಚರ್ಚೆಯಿಂದ ನಮಗೆ ಕಂಡದ್ದನ್ನು ಈ ಸಲದ ಸಂಪಾದಕೀಯದಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಕೆಲಸ ಕೊಡುವುದು, ಕೆಲಸ ಪಡೆಯುವುದು ಇಬ್ಬರ ನಡುವಿನ ಒಪ್ಪಂದ. ಅವನಿಗೆ ದುಡಿಯುವ ಕೈ ಬೇಕು, ನಮಗೆ ಕೂಲಿ ಬೇಕು. ಅವನು ನಮ್ಮಿಂದ ಕೆಲವನ್ನು ನಿರೀಕ್ಷಿಸುತ್ತಾನೆ, ನಾವೂ ಅವನಿಂದ ಕೆಲವನ್ನು ನಿರೀಕ್ಷಿಸುತ್ತೇವೆ. ಆದರೆ ನಮ್ಮ ಜನ ಕೆಲಸ ಕೇಳಲು ಹೋದಾಗ ಪ್ರಶ್ನೆ ಕೇಳುವವನು ಒಬ್ಬನೇ, ಉತ್ತರ ಕೊಡುವವನೂ ಒಬ್ಬನೇ. ಒಡೆಯರ ಅಂಗಳದ ಹೊರಗೆ ನಿಂತು "ಏನಾದ್ರೂ ಕೆಲಸ ಉಂಟಾ ಒಡೆಯಾ" ಅಂತ ಕೇಳುತ್ತಿದ್ದ ನಮ್ಮ ಅಜ್ಜಂದಿರು ಕೂಲಿ ಎಷ್ಟು ಅಂತ ಕೇಳುತ್ತಿರಲಿಲ್ಲ. ಸಂಜೆ ಕೊಟ್ಟಷ್ಟು ಭತ್ತ ತೆಗೆದುಕೊಂಡು ಬರುತ್ತಿದ್ದರು. ಅಂಗಳ ಹೋಗಿ ಆಫೀಸು ಬಂತು, ಒಡೆಯ ಹೋಗಿ ಮ್ಯಾನೇಜರು ಬಂದ. ಕೇಳಬಾರದು ಅನ್ನುವ ಕಟ್ಟಳೆ ಮಾತ್ರ ಹಾಗೇ ಉಳಿಯಿತು.

ಮೊದಲು ಹೆಸರಿನ ವಿಚಾರ ನೋಡೋಣ. ನಮ್ಮ ಜಿಲ್ಲೆಯಲ್ಲಿ ಜಾತಿ ತಿಳಿಯಲು ಜಾತಿ ಪ್ರಮಾಣಪತ್ರ ಬೇಡ, ಹಾಜರಿ ಪುಸ್ತಕ ಸಾಕು. ಹೆಗಡೆ, ಭಟ್ಟ, ಕಾಮತ, ನಾಯಕ, ಗಾಂವಕರ, ಗೌಡ, ಆಗೇರ, ಮುಕ್ರಿ, ಹಳ್ಳೇರ ಅಂತ ಹೆಸರಿನ ಬೆನ್ನಿಗೇ ಜಾತಿ ಅಂಟಿಕೊಂಡಿದೆ. ಮೈಸೂರು ಕಡೆಯ ನಮ್ಮ ಹುಡುಗ ಅಪ್ಪನ ಹೆಸರಿನ ಮೊದಲಕ್ಷರ ಹಾಕಿಕೊಂಡು ಸ್ವಲ್ಪ ಹೊತ್ತಾದರೂ ಮರೆಯಲ್ಲಿರಬಹುದು. ನಮ್ಮವರಿಗೆ ಆ ಮರೆಯೂ ಇಲ್ಲ. ಅರ್ಜಿಯ ಮೊದಲ ಗೆರೆಯಲ್ಲೇ ಅರ್ಧ ಸಂದರ್ಶನ ಮುಗಿದಿರುತ್ತದೆ.

ಇದು ನಮ್ಮ ಕೀಳರಿಮೆಯ ಕಲ್ಪನೆ ಅನ್ನುವವರಿಗೆ ಒಂದು ಲೆಕ್ಕ ಕೊಡುತ್ತೇವೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಎಂಬ ವಿದ್ವಾಂಸರು 2005ರ ಅಕ್ಟೋಬರಿನಿಂದ 66 ವಾರಗಳ ಕಾಲ ಒಂದು ಪರೀಕ್ಷೆ ನಡೆಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು ಒಂದೇ, ಅನುಭವ ಒಂದೇ. ಬದಲಾಗಿದ್ದು ಹೆಸರು ಮಾತ್ರ. ಕೆಲವಕ್ಕೆ ಮೇಲ್ಜಾತಿಯ ಹೆಸರು, ಕೆಲವಕ್ಕೆ ದಲಿತರ ಹೆಸರು, ಕೆಲವಕ್ಕೆ ಮುಸ್ಲಿಮರ ಹೆಸರು. 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಂಭವಕ್ಕೆ ಹೋಲಿಸಿದರೆ ದಲಿತ ಹೆಸರಿಗೆ ಇದ್ದದ್ದು ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಅವರು ಯಾರೂ ಮುಖ ನೋಡಿರಲಿಲ್ಲ. ಅರ್ಜಿಯ ಕಾಗದ ನೋಡಿದ್ದರು, ಅಷ್ಟೆ.

ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅವರು ದಿಲ್ಲಿ ಕಡೆಯ ಕಂಪನಿಗಳಲ್ಲಿ ಜನರನ್ನು ಆರಿಸುವ ಅಧಿಕಾರಿಗಳನ್ನೇ ಮಾತಾಡಿಸಿ ಬರೆದರು. ನಾವು ಜಾತಿ ನೋಡುವುದಿಲ್ಲ, ಯೋಗ್ಯತೆ ನೋಡುತ್ತೇವೆ ಅಂತ ಅವರ ಮಾತು. ಹಾಗೆಂದವರೇ 'ಮನೆತನದ ಹಿನ್ನೆಲೆ' ಮಾತ್ರ ನೋಡಲೇಬೇಕು ಅಂದರು. ಅಪ್ಪ ಏನು ಮಾಡುತ್ತಾನೆ, ಎಲ್ಲಿಂದ ಬಂದೆ, ಅಣ್ಣತಮ್ಮಂದಿರು ಏನು ಓದಿದ್ದಾರೆ? ಕಾರವಾರದ ಆ ಮೇಜಿನ ಹಿಂದಿನಿಂದ ಬಂದದ್ದೂ ಇದೇ ಪ್ರಶ್ನೆ. ಮನೆತನ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅರ್ಜಿ ಹಾಕುವವರ ಕಡೆಯ ಮಾತೂ ಉಂಟು. ಅಶ್ವಿನಿ ದೇಶಪಾಂಡೆ ಮತ್ತು ನ್ಯೂಮನ್ ದಿಲ್ಲಿಯ ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರನ್ನು, ಓದು ಮುಗಿದ ಮೇಲೆ ಏನು ನಿರೀಕ್ಷಿಸುತ್ತೀರಿ ಅಂತ ಕೇಳಿದರು. ಒಂದೇ ಡಿಗ್ರಿಯವರಾದರೂ ದಲಿತ ವಿದ್ಯಾರ್ಥಿಗಳು ಹೇಳಿದ ಸಂಬಳ ಉಳಿದವರಿಗಿಂತ ಕಡಿಮೆ. ಖಾಸಗಿಯಲ್ಲಿ ತಮಗೆ ಬಾಗಿಲು ತೆರೆಯಲಾರದು ಅಂತ ಸರ್ಕಾರಿ ನೌಕರಿಯತ್ತಲೇ ಅವರ ಕಣ್ಣು. ಇದನ್ನು ಓದಿದಾಗ ನಮಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕೊಡುವವನು ಕಡಿಮೆ ಕೊಡುವುದು ಒಂದು ಕಡೆ. ಅದಕ್ಕೂ ಮೊದಲೇ ನಾವು ಕಡಿಮೆ ಕೇಳಲು ಕಲಿತುಬಿಟ್ಟಿದ್ದೇವೆ.

ಯೋಗ್ಯತೆಯ ಮಾತು ಹೊಸದೇನಲ್ಲ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಗೆ ನೂಲು ಏರಿಸಲು ಬಾಯಿಂದ ಎಳೆಯಬೇಕಿತ್ತು, ನಮ್ಮವರ ಎಂಜಲು ತಾಗಿದರೆ ಮೈಲಿಗೆ. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಕಾರ್ಮಿಕ ನಾಯಕರಿಗೆ, ನೇಯ್ಗೆ ಖಾತೆ ನಮ್ಮವರಿಗೂ ತೆರೆಯಬೇಕು, ಅದನ್ನೂ ನಿಮ್ಮ ಬೇಡಿಕೆಯಲ್ಲಿ ಸೇರಿಸಿ ಅಂತ ಪಟ್ಟು ಹಿಡಿದರು. ಮಾಲೀಕನ ಜೊತೆಗೆ ಜೊತೆ ಕೆಲಸಗಾರನನ್ನೂ ಪ್ರಶ್ನೆ ಮಾಡಬೇಕಾಯಿತು.

ಸೈನ್ಯದ ಕಥೆ ಕೇಳಿ. ಮಹಾರರು ಕಂಪನಿ ಸರಕಾರದ ಕಾಲದಿಂದ ಸಿಪಾಯಿಗಳಾಗಿದ್ದವರು. ಬಾಬಾಸಾಹೇಬರ ತಂದೆಯೂ ಸುಬೇದಾರರು. 1890ರ ದಶಕದ ಮೊದಲಿಗೆ, ಇವರು ಕಾದಾಡುವ ಜಾತಿಯವರಲ್ಲ ಅಂತ ಬ್ರಿಟಿಷರು ಭರ್ತಿ ನಿಲ್ಲಿಸಿದರು. ಮಹಾಯುದ್ಧ ಬಂದು ಜನ ಸಾಲದಾದಾಗ 1917ರಲ್ಲಿ ಕರೆದು ಪಡೆ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಆ ಪಡೆ ಮುಚ್ಚಿದರು. ಇನ್ನೊಂದು ಯುದ್ಧ ಬಂತು, 1941ರಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿತು. ಬೇಕಾದಾಗ ಯೋಗ್ಯತೆ ಬಂತು, ಬೇಡವಾದಾಗ ಹೋಯಿತು. ಮನುಷ್ಯರು ಮಾತ್ರ ಅವರೇ.

ಓದಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಬರೋಡಾ ನೆನೆಯಲಿ. ಅಮೆರಿಕದ ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಜವಾನರು ಕಡತಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಊರಲ್ಲಿ ಇರಲು ಕೋಣೆ ಸಿಗಲಿಲ್ಲ, ತಂಗಿದ್ದ ಪಾರ್ಸಿ ಛತ್ರದಿಂದ ಹೊರಗೆ ಹಾಕಿದರು. ಕೆಲಸಕ್ಕೆ ತೆಗೆದುಕೊಳ್ಳುವುದು ಒಂದು, ಮನುಷ್ಯನಂತೆ ಇಟ್ಟುಕೊಳ್ಳುವುದು ಇನ್ನೊಂದು. ನೇಮಕ ಅಂದರೆ ಇವೆರಡೂ ಸೇರಿ ಆಗಬೇಕು.

ಈಗ ನಮ್ಮ ಕಡಲ ಕರೆಗೆ ಬರೋಣ. ಕಾರವಾರ, ಅಂಕೋಲೆಯಲ್ಲಿ ದೊಡ್ಡ ದೊಡ್ಡ ಯೋಜನೆ ಬಂದವು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ಶುರುವಾಯಿತು. ಕೈಗಾದ ಅಣುಸ್ಥಾವರ 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿತು, 2011ಕ್ಕೆ ನಾಲ್ಕು ಘಟಕವಾಯಿತು, ಈಗ ಐದು ಮತ್ತು ಆರನೆಯದರ ಕೆಲಸ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. ಕೇಣಿಯಲ್ಲಿ ಬಂದರಿನ ಮಾತು ಎದ್ದು 2025ರಲ್ಲಿ ಮೀನುಗಾರರು ಬೀದಿಗೆ ಬಂದರು. ಪ್ರತಿಯೊಂದರ ಜೊತೆಗೂ ಬಂದ ಮಾತು ಒಂದೇ. ಜಾಗ ಬಿಡಿ, ಕೆಲಸ ಬರುತ್ತದೆ.

ಸೀಬರ್ಡಿಗಾಗಿ ಎರಡು ತಾಲೂಕುಗಳಲ್ಲಿ ಸುಮಾರು ನಾಲ್ಕು ಸಾವಿರ ಕುಟುಂಬ ಎದ್ದು ಹೋದವು. ಅವರ ಸಂಕಟ ದೊಡ್ಡದು. ಪರಿಹಾರಕ್ಕಾಗಿ ಕೋರ್ಟಿಗೆ ಅಲೆದು ಅಲೆದು ಸತ್ತವರಿದ್ದಾರೆ. ಅದರ ಬಗ್ಗೆ ನಮಗೆ ಎರಡು ಮಾತಿಲ್ಲ. ಆದರೆ ಅವರ ಸಾಲಿನ ಹಿಂದೆ ಇನ್ನೊಂದು ಸಾಲು ಇತ್ತು. ಅದನ್ನು ನೋಡಿದವರು ಕಡಿಮೆ. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯಿದೆ. ಜಮೀನಿನ ಮೇಲೆ ಹಕ್ಕು ಇದ್ದವನಿಗೆ ಪರಿಹಾರ. ಅವನ ಗದ್ದೆಯಲ್ಲಿ ನೆಟ್ಟಿ ಮಾಡಿದವಳಿಗೆ, ಕೊಯ್ದವಳಿಗೆ, ತೆಂಗಿನಕಾಯಿ ಇಳಿಸಿದವನಿಗೆ ಆ ಕಾಯಿದೆಯಲ್ಲಿ ಹೆಸರೇ ಇಲ್ಲ. 1974ರಲ್ಲಿ ಉಳುವವನೇ ಹೊಲದೊಡೆಯ ಅಂದಾಗ ಗೇಣಿದಾರನಿಗೆ ಭೂಮಿ ಬಂತು, ಕೂಲಿಯವನು ಕೂಲಿಯವನಾಗೇ ಉಳಿದ. ಯೋಜನೆ ಬಂದಾಗ, ಕಳಕೊಳ್ಳಲು ಭೂಮಿಯೇ ಇಲ್ಲದವನಿಗೆ 'ಭೂಮಿ ಕಳಕೊಂಡವರು' ಅನ್ನುವ ಕಾಗದ ಎಲ್ಲಿಂದ ಬರಬೇಕು? ಕೊಂಕಣ ರೈಲ್ವೆ ತನ್ನ ನೇಮಕದಲ್ಲಿ ಭೂಮಿ ಬಿಟ್ಟ ಕುಟುಂಬದವರಿಗೆ ಆದ್ಯತೆ ಕೊಟ್ಟಿದೆ. ಒಳ್ಳೆಯದೇ. ಆ ಸಾಲಿನಲ್ಲಿ ನಿಲ್ಲಲು ಮೊದಲು ಭೂಮಿ ಇರಬೇಕು.

ಇನ್ನೊಂದು ಸಂಗತಿ ನಮ್ಮವರಿಗೆ ಗೊತ್ತಿರಲಿ. ಸೀಬರ್ಡಿಗೆ ಅಡಿಗಲ್ಲು ಬಿದ್ದ ಅದೇ 1986ರ ಫೆಬ್ರವರಿಯಲ್ಲಿ, ಜಮೀನು ಕಳೆದುಕೊಂಡ ಮನೆಗೆ ಒಂದು ನೌಕರಿ ಎಂಬ ರೂಢಿಯನ್ನು ಕೈಬಿಡಿ ಅಂತ ಕೇಂದ್ರ ಸರ್ಕಾರ ಸಾರ್ವಜನಿಕ ಉದ್ದಿಮೆಗಳಿಗೆ ಬರೆದಿತ್ತು. 1995ರಲ್ಲಿ ರೂರ್ಕೆಲಾದ ಉಕ್ಕಿನ ಕಾರ್ಖಾನೆಗೆ ಭೂಮಿ ಬಿಟ್ಟವರು ಕೇಳಿದಾಗ, ಭೂಮಿ ಹೋದದ್ದಕ್ಕೆ ನೌಕರಿ ಕೇಳುವುದು ಮೂಲಭೂತ ಹಕ್ಕಾಗುವುದಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಬಾಯಿಮಾತಿನ ಭರವಸೆಗೆ ಎಷ್ಟು ತೂಕ ಅನ್ನುವುದು ಇದರಿಂದ ತಿಳಿಯುತ್ತದೆ. 2013ರ ಹೊಸ ಕಾಯಿದೆ ಸ್ವಲ್ಪ ಬೇರೆ ಮಾತು ಹೇಳುತ್ತದೆ. ಭೂಮಿ ಇಲ್ಲದಿದ್ದರೂ ಆ ಜಾಗದಲ್ಲಿ ಸ್ವಾಧೀನಕ್ಕೆ ಮೊದಲು ಮೂರು ವರ್ಷ ದುಡಿದು ಬದುಕಿದ ಕೃಷಿಕೂಲಿ, ಗೇಣಿದಾರ, ಕುಶಲಕರ್ಮಿ ಕುಟುಂಬವೂ ಬಾಧಿತ ಕುಟುಂಬವೇ. ಯೋಜನೆಯಲ್ಲಿ ಕೆಲಸ ಹುಟ್ಟಿದರೆ ಮನೆಗೆ ಒಬ್ಬರಿಗೆ ಕೆಲಸ, ಇಲ್ಲವೇ ಒಂದೇ ಗಂಟಿನಲ್ಲಿ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷ ತಿಂಗಳಿಗೆ 2,000 ರೂಪಾಯಿಗೆ ಕಡಿಮೆಯಿಲ್ಲದ ವರ್ಷಾಶನ. ಇನ್ನು ಮುಂದೆ ನಮ್ಮ ಕರೆಯಲ್ಲಿ ಯಾವ ಯೋಜನೆಯ ಸರ್ವೆ ನಡೆದರೂ ನಮ್ಮ ಕೇರಿಯ ಹೆಸರು ಬಾಧಿತರ ಪಟ್ಟಿಯಲ್ಲಿ ಬರುವಂತೆ ನೋಡಿಕೊಳ್ಳಬೇಕು. ಪಟ್ಟಿ ಮುಗಿದ ಮೇಲೆ ಗೇಟಿನ ಮುಂದೆ ಕೂಗಿದರೆ ಕೇಳುವವರಿಲ್ಲ.

ಇನ್ನು ಅನುಭವ. "ಅನುಭವ ಉಂಟಾ?" ಎಂಬ ಪ್ರಶ್ನೆಗೆ ನಮ್ಮ ಹುಡುಗ ತಲೆ ತಗ್ಗಿಸಿದ. ಅವನ ಜನ ತಲೆತಲಾಂತರದಿಂದ ಉಪ್ಪಿನ ಆಗರದಲ್ಲಿ ದುಡಿದವರು. ಉಬ್ಬರದ ನೀರು ಯಾವಾಗ ಬಿಡಬೇಕು, ಯಾವಾಗ ಕಟ್ಟಬೇಕು, ಬಿಸಿಲು ಎಷ್ಟು ಬಿದ್ದರೆ ಹರಳು ಕಟ್ಟುತ್ತದೆ ಅನ್ನುವುದನ್ನು ಕಾಲಿನಡಿಯ ಕೆಸರಿನಲ್ಲೇ ಬಲ್ಲವರು. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದನ್ನು ಇಡೀ ಕರ್ನಾಟಕ ಹೆಮ್ಮೆಯಿಂದ ಹೇಳುತ್ತದೆ. ನಾವೂ ಹೆಮ್ಮೆ ಪಡುತ್ತೇವೆ. ಉಪ್ಪು ಮಾಡುವ ಜನರ ವಿದ್ಯೆ ಯಾವ ಅರ್ಜಿಯ ಯಾವ ಕಾಲಮ್ಮಿನಲ್ಲಿ ಬರೆಯಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ.

ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಹಾಲಕ್ಕಿ ಸಮುದಾಯದ ಆ ತಾಯಿ ಓದಿದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಿನಗೂಲಿಯಾಗಿ ಸೇರಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ತಾಯಿಮರ ಯಾವುದು ಅಂತ ಅವರಿಗೆ ಗೊತ್ತಿದ್ದಷ್ಟು ಓದಿದ ಅಧಿಕಾರಿಗಳಿಗೂ ಗೊತ್ತಿರಲಿಲ್ಲ ಅಂತ ಅಧಿಕಾರಿಗಳೇ ಹೊಗಳಿದರು. ಆದರೂ ಕೆಲಸ ಖಾಯಂ ಆಗಲು ಸುಮಾರು 35 ವರ್ಷ ಹಿಡಿಯಿತು. 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ದೇಶ ಕೈಮುಗಿಯುವ ಮೊದಲು ಹಾಜರಿ ಪುಸ್ತಕ ಅವರನ್ನು ಮೂರು ದಶಕ ದಿನಗೂಲಿ ಅಂತಲೇ ಬರೆದುಕೊಂಡಿತ್ತು. ಪ್ರಶಸ್ತಿ ಬಾರದ ತುಳಸಿಯರು ನಮ್ಮಲ್ಲಿ ಎಷ್ಟು ಜನ?

ದಿನಗೂಲಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕರ್ನಾಟಕದ ದಿನಗೂಲಿಗಳದ್ದೇ ಮೊಕದ್ದಮೆಯಲ್ಲಿ, ಉಮಾದೇವಿ ಮೊಕದ್ದಮೆ ಅಂತ ಹೆಸರಾದದ್ದು, 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟು ಕ್ರಮಬದ್ಧ ನೇಮಕವಿಲ್ಲದೆ ಒಳಗೆ ಬಂದವರು ಖಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವಂತಿಲ್ಲ ಅಂದಿತು. ನೇಮಕ ನೇರವಾಗಿರಬೇಕು, ಎಲ್ಲರಿಗೂ ಅವಕಾಶ ಇರಬೇಕು ಎಂಬ ತತ್ವ ನಮಗೂ ಒಪ್ಪಿಗೆ. ಹಿಂಬಾಗಿಲಿನಿಂದ ಹೋಗುವವರಲ್ಲಿ ಮೀಸಲಾತಿ ತಪ್ಪಿಸುವವರೇ ಹೆಚ್ಚು. ಆದರೆ ಆ ತೀರ್ಪನ್ನು ಹಿಡಿದುಕೊಂಡು ಹತ್ತು ಇಪ್ಪತ್ತು ವರ್ಷ ದುಡಿಸಿಕೊಂಡು ಕೈಬಿಡುವುದು ನಡೆಯಿತು. 2024ರ ಡಿಸೆಂಬರಿನಲ್ಲಿ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸರು ಮತ್ತು ಅವರ ಜೊತೆಯ ಕೆಲಸಗಾರ ಹೂಡಿದ ಮೊಕದ್ದಮೆಯಲ್ಲಿ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧ ಮಾಡಬೇಡಿ ಅಂತ ಅದೇ ಸುಪ್ರೀಂ ಕೋರ್ಟು ಹೇಳಿ ಅವರನ್ನು ಖಾಯಂ ಮಾಡಿಸಿತು. ಗೆದ್ದವರು ಪೊರಕೆ ಹಿಡಿದವರು. ಇದನ್ನು ಮರೆಯಬಾರದು.

ಆದರೆ ಇವತ್ತು ನಮ್ಮವರಿಗೆ ಸಿಗುವ ಕೆಲಸದಲ್ಲಿ ಇಲಾಖೆಯ ದಿನಗೂಲಿಯೂ ಅಪರೂಪ. ನಡುವೆ ಗುತ್ತಿಗೆದಾರ ಬಂದಿದ್ದಾನೆ. ಗೇಟಿನ ಬೋರ್ಡು ದೊಡ್ಡ ಸಂಸ್ಥೆಯದು, ಸಂಬಳ ಕೊಡುವವನು ಬೇರೆ. ಸಂಸ್ಥೆಯನ್ನು ಕೇಳಿದರೆ ಗುತ್ತಿಗೆದಾರನನ್ನು ಕೇಳು, ಗುತ್ತಿಗೆದಾರನನ್ನು ಕೇಳಿದರೆ ಬಿಲ್ಲು ಆಗಿಲ್ಲ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದು, ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಾಕಬಾರದು ಅನ್ನುತ್ತದೆ. ಕೇಳಲು ಚೆನ್ನಾಗಿದೆ. ಯಾವುದು ಮುಖ್ಯ ಕೆಲಸ ಅಲ್ಲ ಅಂತ ಅದರಲ್ಲೇ ಪಟ್ಟಿ ಉಂಟು. ಸ್ವಚ್ಛತೆ, ಕಾವಲು, ಕ್ಯಾಂಟೀನು, ಹೊರೆ ಇಳಿಸುವುದು ಏರಿಸುವುದು, ತೋಟದ ಕೆಲಸ, ಬಟ್ಟೆ ಒಗೆಯುವುದು. ಬಂಧುಗಳೇ, ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ನಮ್ಮನ್ನು ಯಾವ ಯಾವ ಕೆಲಸಕ್ಕೆ ಕರೆಯುತ್ತಾರೋ ಅವೇ ಅಲ್ಲವೇ?

ಹಾಗಂತ ಕಾನೂನಿನಲ್ಲಿ ನಮಗೆ ಏನೂ ಇಲ್ಲ ಅಂತಲ್ಲ. 1955ರ ನಾಗರಿಕ ಹಕ್ಕು ರಕ್ಷಣಾ ಕಾಯಿದೆ, 1976ರ ತಿದ್ದುಪಡಿಯ ಮೇಲೆ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಕೆಲಸ ತಪ್ಪಿಸುವುದನ್ನು ಅಪರಾಧ ಅನ್ನುತ್ತದೆ. ಅದೇ ಕಾರಣಕ್ಕೆ ಗುಡಿಸು, ಬಳಿ, ಸತ್ತ ದನ ಎತ್ತು ಅಂತ ಬಲವಂತ ಮಾಡುವುದೂ ಅಪರಾಧವೇ. ಸರ್ಕಾರಿ ನೇಮಕದಲ್ಲಿ ಮೀಸಲಾತಿ ಉಂಟು. ರಾಜ್ಯದಲ್ಲಿ 2022ರ ಕಾಯಿದೆಯಿಂದ ಪರಿಶಿಷ್ಟ ಜಾತಿಗೆ 17, ಪಂಗಡಕ್ಕೆ 7 ಶೇಕಡಾ ಅಂತಾಯಿತು. 2024ರಲ್ಲಿ ಸರ್ಕಾರಿ ಕಚೇರಿಗಳ ಹೊರಗುತ್ತಿಗೆ ನೇಮಕಕ್ಕೂ ಮೀಸಲಾತಿ ಅನ್ವಯ ಅಂತ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು. ಕೇಂದ್ರದ ಕೆಳದರ್ಜೆಯ ಹುದ್ದೆಗಳಿಗೆ 2016ರ ಜನವರಿಯಿಂದ ಸಂದರ್ಶನವೇ ಇಲ್ಲ. ಮುಖ ನೋಡಿ ಮಾರ್ಕು ಹಾಕುವ ಬಾಗಿಲು ಅಷ್ಟರಮಟ್ಟಿಗೆ ಮುಚ್ಚಿತು. ಇವೆಲ್ಲ ಬಳಸಿದರೆ ಮಾತ್ರ ಬದುಕುವ ಕಾನೂನುಗಳು.

ಈಗ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳೋಣ. ಕೆಲಸ ಕೊಡುವವನು ನಮ್ಮಿಂದ ನ್ಯಾಯವಾಗಿ ನಿರೀಕ್ಷಿಸುವುದು ಕೆಲವುಂಟು. ಹೊತ್ತಿಗೆ ಸರಿಯಾಗಿ ಬರಬೇಕು, ಕುಡಿದು ಬರಬಾರದು, ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳಬಾರದು, ಹೇಳದೆ ಕೇಳದೆ ನಾಲ್ಕು ದಿನ ಮಾಯವಾಗಬಾರದು. ಇದನ್ನು ಒಪ್ಪಿಕೊಂಡರೆ ನಾವು ಚಿಕ್ಕವರಾಗುವುದಿಲ್ಲ. ನಮ್ಮದು ಸರಿ ಇದ್ದಾಗಲೇ ಅವನನ್ನು ಕೇಳುವ ಬಾಯಿಗೆ ಬಲ.

ಇನ್ನೊಂದು ರೋಗ ದಲ್ಲಾಳಿಯದು. "ಸಾಹೇಬರು ಗೊತ್ತು, ಇಷ್ಟು ಕೊಟ್ಟರೆ ಒಳಗೆ ಹಾಕಿಸ್ತೇನೆ" ಅನ್ನುವವನು ಪ್ರತಿ ಊರಲ್ಲೂ ಒಬ್ಬ ಇದ್ದಾನೆ. ಹೇಳಲು ನಾಚಿಕೆಯಾಗುತ್ತದೆ, ಕೆಲವು ಕಡೆ ಅವನು ನಮ್ಮವನೇ. ತಾಯಿಯ ಕರಿಮಣಿ ಅಡವಿಟ್ಟು ಕೊಟ್ಟ ದುಡ್ಡು ವಾಪಸ್ ಬಂದದ್ದು ನಾವು ಕಂಡಿಲ್ಲ. ಕೊಡುವ ಕೈ ನಿಲ್ಲದೆ ತೆಗೆದುಕೊಳ್ಳುವ ಕೈ ನಿಲ್ಲುವುದಿಲ್ಲ. ಮೂರನೆಯದು ಹೆಣ್ಣುಮಕ್ಕಳ ಮಾತು. ಹುಡುಗನ ಕೆಲಸಕ್ಕೆ ಊರೆಲ್ಲ ಓಡಾಡುವ ನಾವು, ಓದಿದ ಹುಡುಗಿ ಕಾರವಾರಕ್ಕೆ ಅರ್ಜಿ ಹಾಕುತ್ತೇನೆ ಅಂದರೆ "ಯಾಕೆ ಬೇಕು" ಅನ್ನುತ್ತೇವೆ. ಮೇಜಿನ ಹಿಂದಿನವನು ಜಾತಿ ಕೇಳುವ ಮೊದಲು ಆಕೆಯ ಅರ್ಜಿಯನ್ನು ನಾವೇ ಹರಿದಿರುತ್ತೇವೆ.

ಹಾಗಾದರೆ ತಾಯಿ ಸರಿಯೋ, ಮಗ ಸರಿಯೋ? ಎರಡು ಸಂಜೆಯ ಚರ್ಚೆಯ ಕೊನೆಗೆ ನಾವು ಮುಟ್ಟಿದ ತೀರ್ಮಾನ ಇದು. ಒಲೆ ಉರಿಯಬೇಕಾದ ಮನೆಗೆ ಕೆಲಸ ಬೇಡ ಅಂತ ಹೇಳುವ ಅಧಿಕಾರ ಯಾವ ಸಂಘಕ್ಕೂ ಇಲ್ಲ. ಗುಡಿಸುವ ಕೆಲಸ ಮಾಡಿದ ಮಾತ್ರಕ್ಕೆ ಯಾರೂ ಕೀಳಲ್ಲ. ಫಿಟ್ಟರನಿಗೆ ಪೊರಕೆಯನ್ನೇ ಕೊಡುವುದು ಕೀಳು. ಸೇರಬೇಕಾದರೆ ಸೇರಿ. ಆದರೆ ಕೇಳಿ ಸೇರಿ. ತಾಯಿ ಆರು ತಿಂಗಳು ಬಿಟ್ಟು ಕೇಳು ಅಂದಳು. ಕಾಗದ ಇಲ್ಲದೆ ಆರು ತಿಂಗಳು ದುಡಿದವನಿಗೆ ಕೇಳಲು ಆಧಾರವೇ ಉಳಿದಿರುವುದಿಲ್ಲ. ಮಗ ಒಬ್ಬನೇ ಕೇಳಿದ, ಅದಕ್ಕೇ ಅವನನ್ನು ಹೊರಗೆ ಕಳಿಸುವುದು ಸುಲಭವಾಯಿತು.

ಇನ್ನು ಮುಂದೆ ಕೆಲಸಕ್ಕೆ ಹೋಗುವ ನಮ್ಮ ಪ್ರತಿಯೊಬ್ಬರೂ ಈ ಐದು ಪ್ರಶ್ನೆ ಕೇಳಬೇಕು. ಒಂದು, ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಯಾರು, ಸಂಸ್ಥೆಯೋ ಗುತ್ತಿಗೆದಾರನೋ? ಎರಡು, ಕೂಲಿ ಎಷ್ಟು, ಯಾವ ತಾರೀಖಿಗೆ, ಬ್ಯಾಂಕಿಗೋ ಕೈಗೋ? ಮೂರು, ಪಿ.ಎಫ್., ಇ.ಎಸ್.ಐ. ಹಿಡಿಯುತ್ತೀರಾ, ಹಿಡಿದರೆ ನನ್ನ ನಂಬರು ಯಾವುದು? ನಾಲ್ಕು, ಕೆಲಸ ಯಾವುದು, ನಾನು ಕಲಿತ ಕೆಲಸ ಕೇಳಿದರೆ ಯಾಕೆ ಇಲ್ಲ? ಐದು, ಇದನ್ನೆಲ್ಲ ಬರೆದು ಕೊಡುತ್ತೀರಾ? ಈ ಐದನೆಯದೇ ಮುಖ್ಯ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕು ಅಂತ ಹೊಸ ಸಂಹಿತೆಯೇ ಹೇಳುತ್ತದೆ. ಬೇಡುವ ಮಾತೇ ಇಲ್ಲ, ಕಾನೂನು ಓದಿ ಹೇಳಿದರಾಯಿತು.

ಕೇರಿಗೊಂದು ಪುಸ್ತಕ ಇಡೋಣ. ಯಾರು, ಎಲ್ಲಿಗೆ, ಯಾವ ದಿನ ಅರ್ಜಿ ಹಾಕಿದರು, ಏನು ಕೇಳಿದರು, ಏನು ಉತ್ತರ ಬಂತು ಅಂತ ಬರೆದಿಡೋಣ. ಒಬ್ಬನಿಗೆ "ಭರ್ತಿಯಾಗಿದೆ" ಅಂದ ಜಾಗಕ್ಕೆ ಮರುವಾರ ಬೇರೊಬ್ಬ ಸೇರಿದ್ದರೆ ಅದು ಪುಸ್ತಕದಲ್ಲಿ ಕಾಣುತ್ತದೆ. ಒಂದು ಹೆಸರು ದೂರಾಗುವುದಿಲ್ಲ, ಇಪ್ಪತ್ತು ಹೆಸರು ದೂರಾಗುತ್ತದೆ. ಕಾರ್ಮಿಕ ಇಲಾಖೆಗೆ, ಜಿಲ್ಲಾಧಿಕಾರಿ ಕಚೇರಿಗೆ ಹೋಗುವಾಗ ಕೈಯಲ್ಲಿ ಪುಸ್ತಕ ಇರಲಿ. ಅರ್ಜಿ ಕೊಡಲು ಹೋಗುವವರು ಇಬ್ಬರು ಮೂವರು ಸೇರಿ ಹೋಗಲಿ. ಹೊರಗೆ ಬೆಂಚಿನ ಮೇಲೆ ಇನ್ನೂ ಇಬ್ಬರು ಕೂತಿದ್ದಾರೆ ಅಂದರೆ ಮೇಜಿನ ಹಿಂದಿನ ಧ್ವನಿ ಸ್ವಲ್ಪ ಇಳಿಯುತ್ತದೆ.

ಆ ಹುಡುಗ ಮೊನ್ನೆ ಇನ್ನೊಂದು ಕಡೆ ಅರ್ಜಿ ಹಾಕಿದ್ದಾನೆ. ಈ ಸಲ ತಾಯಿಯೇ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದಳು. "ಕೇಳುದು ಕೇಳು, ಆದ್ರೆ ಮೆಲ್ಲಗೆ ಕೇಳು ಮಗಾ" ಅಂದಳಂತೆ. ಜೊತೆಗೆ ನಮ್ಮ ಇಬ್ಬರು ಹೋಗಿದ್ದರು. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಈ ಪತ್ರಿಕೆಯಲ್ಲಿ ತಿಳಿಸುತ್ತೇವೆ, ಬಾರದಿದ್ದರೆ ಅದನ್ನೂ ತಿಳಿಸುತ್ತೇವೆ. ನಿಮ್ಮ ಕೇರಿಯ ಪುಸ್ತಕದ ಮೊದಲ ಪುಟ ಬರೆದು ಮುಂದಿನ ಸಭೆಗೆ ತನ್ನಿ.

ಜೈಭೀಮ್.